ಸಹಾಯ ಬೇಕು: ಅಲೆ ಎದ್ದರೆ ಹಾಯಿದೋಣಿಯ ಎಂಜಿನ್ ನಿಂತುಹೋಗುತ್ತಿದೆ

ನಮಸ್ಕಾರ. ಹಾಯಿದೋಣಿಯಲ್ಲಿ ಕರಾವಳಿಗುಂಟ ಓಡಾಡುವವರು, ಡೀಸೆಲ್ ಎಂಜಿನ್ ಬಲ್ಲವರು ದಯವಿಟ್ಟು ದಾರಿ ತೋರಿಸಿ.

ಲಂಗರು ಹಾಕಿದ ಕಡೆ ನಮ್ಮ ಎಂಜಿನ್ ಗಂಟೆಗಟ್ಟಲೆ ತಕರಾರಿಲ್ಲದೆ ಓಡುತ್ತದೆ. ಹೊರಗೆ ಹೋಗಿ ದೋಣಿ ಹೊಯ್ದಾಡಲು ಶುರುವಾದರೆ ಸಾಕು, ಸದ್ದು ಏರಿಳಿದು ಕೊನೆಗೆ ನಿಂತೇಬಿಡುತ್ತದೆ. ಗಾಳಿ ಇದ್ದರೆ ಹಾಯಿ ಬಿಚ್ಚಿ ದಡದಿಂದ ದೂರ ಸರಿಯಬಹುದು. ಗಾಳಿ ಬಿದ್ದ ಹೊತ್ತಲ್ಲಿ, ಪಕ್ಕದಲ್ಲೇ ಬಂಡೆಗಳಿರುವಾಗ ನಿಂತರೆ ಏನು ಗತಿ ಎಂಬುದೇ ಚಿಂತೆ.

ಡೀಸೆಲ್ ಸೋಸುವ ಮೊದಲ ಫಿಲ್ಟರಿನ ಪಾರದರ್ಶಕ ಬಟ್ಟಲಲ್ಲಿ ತಳಕ್ಕೆ ನೀರು, ಅದರ ಮೇಲೆ ಕಪ್ಪು ಲೋಳೆ ಕೂತಿತ್ತು. ಎರಡೂ ಫಿಲ್ಟರ್ ಬದಲಿಸಿ, ಒಳಗಿನ ಗಾಳಿ ಹೊರಬಿಡುವ ಬ್ಲೀಡ್ ಸ್ಕ್ರೂ ಸಡಿಲಿಸಿ, ಗುಳ್ಳೆ ನಿಲ್ಲುವವರೆಗೆ ಕೈಪಂಪ್ ಒತ್ತಿದೆ. ಕೂಡಲೇ ಸ್ಟಾರ್ಟ್ ಆಯಿತು. ಮತ್ತೆ ಅಲೆಗೆ ಸಿಕ್ಕಾಗ ಅದೇ ಕಥೆ. ಈಗ ಬಟ್ಟಲು ತಿಳಿಯಾಗಿದೆ, ಆದರೆ ಪ್ರತಿ ಸಲ ಬ್ಲೀಡ್ ಮಾಡುವಾಗ ಗುಳ್ಳೆ ಬರುತ್ತದೆ. ಹೊರಗೆಲ್ಲೂ ಡೀಸೆಲ್ ಜಿನುಗಿಲ್ಲ. ಟ್ಯಾಂಕಿನಿಂದ ಡೀಸೆಲ್ ಎಳೆಯುವ ಪಂಪಿಗಿಂತ ಹಿಂದಿನ ಪೈಪು ಎಳೆತದಲ್ಲಿರುವುದರಿಂದ ಅಲ್ಲಿ ಸಂದಿದ್ದರೂ ಡೀಸೆಲ್ ಹೊರಬರದೆ ಗಾಳಿ ಒಳಹೋಗಬಹುದಲ್ಲವೇ?

ಟ್ಯಾಂಕಿನೊಳಗಿನ ಹೀರುಕೊಳವೆ ಮೇಲ್ಭಾಗದಲ್ಲಿ ಬಿರುಕುಬಿಟ್ಟಿರಬೇಕು, ಇಲ್ಲವೇ ಅದರ ಬಾಯಿಯ ಜಾಲರಿಗೆ ಕೆಸರು ಕಟ್ಟಿರಬೇಕು ಎಂಬುದು ನನ್ನ ಅನುಮಾನ. ಬೇರೆ ಕ್ಯಾನಿನಿಂದ ನೇರವಾಗಿ ಪಂಪಿಗೆ ಪೈಪ್ ಕೊಟ್ಟು, ಉಳಿದ ಡೀಸೆಲ್ ವಾಪಸ್ ತರುವ ರಿಟರ್ನ್ ಪೈಪನ್ನೂ ಅದೇ ಕ್ಯಾನಿಗೆ ಬಿಟ್ಟು ಅಲೆಯಲ್ಲಿ ಓಡಿಸಿ ನೋಡಿದರೆ ತಪ್ಪು ಟ್ಯಾಂಕಿನದ್ದೋ ಎಂಜಿನ್ ಕಡೆಯದ್ದೋ ಖಾತ್ರಿಯಾಗುತ್ತದೆಯೇ? ಕ್ಯಾನನ್ನು ಬಿಗಿಯಾಗಿ ಕಟ್ಟಿಯೇ ಹೊರಡುತ್ತೇನೆ.

ಇನ್ನೊಂದು: ಟ್ಯಾಂಕಿಗೆ ಕೈ ಹಾಕುವಷ್ಟು ಮುಚ್ಚಳವಿಲ್ಲ. ಟ್ಯಾಂಕ್ ಕಳಚದೆ ಒಳಗಿನ ಕೆಸರು ತೆಗೆದವರು ಯಾರಾದರೂ ಇದ್ದರೆ ಹೇಗೆಂದು ವಿವರವಾಗಿ ಬರೆಯಿರಿ.