ಮಾಲ್ಟ್ ಮಾಡುವಾಗ ಬಾರ್ಲಿಗೆ ಗುಲಾಬಿ ಬೂಷ್ಟು: ಒಣಗಿಸಿದರೆ ವಿಷ ಹೋಗುತ್ತದಾ?

ಮೊಳಕೆಬುಟ್ಟಿ:

ಎಲ್ಲರಿಗೂ ನಮಸ್ಕಾರ. ಆರು ತಿಂಗಳಿಂದ ಬಾರ್ಲಿ ಮಾಲ್ಟ್ ಮಾಡುತ್ತಿದ್ದೇನೆ. ಒಂದು ಸಲಕ್ಕೆ 20 ಕೆಜಿ. ಇಲ್ಲಿಯವರೆಗೆ ತೊಂದರೆ ಇರಲಿಲ್ಲ. ಈ ಸಲ ಹೊಸ ಚೀಲ ಬಿಚ್ಚಿದೆ. ಮೂರನೇ ದಿನ ಮೊಳಕೆಗಳ ನಡುವೆ ಬಿಳಿ ಹತ್ತಿಯಂಥ ಎಳೆ ಕಂಡಿತು. ನಾಲ್ಕನೇ ದಿನ ಕೆಲವು ಕಾಳಿನ ತುದಿ ಗುಲಾಬಿ ಬಣ್ಣಕ್ಕೆ ತಿರುಗಿತ್ತು. ಯಾವಾಗಲೂ ಹಸಿ ಸೌತೆಕಾಯಿಯಂಥ ವಾಸನೆ ಬರುತ್ತಿತ್ತು. ಈಗ ಮುಗ್ಗಲು ವಾಸನೆ.

ನಾನು ಮಾಡುವುದು ಹೀಗೆ: 12 ಗಂಟೆ ನೆನೆಸುತ್ತೇನೆ, ಬಸಿದು 8 ಗಂಟೆ ಗಾಳಿಗೆ ಬಿಡುತ್ತೇನೆ, ಮತ್ತೆ 12 ಗಂಟೆ ನೆನೆಸುತ್ತೇನೆ. ನೀರು ಅದೇ, ಬದಲಿಸುವುದಿಲ್ಲ. ಮೊಳಕೆ ಕೋಣೆ 22 ಡಿಗ್ರಿ ಇರುತ್ತದೆ. ದಿನಕ್ಕೊಮ್ಮೆ ತಿರುವುತ್ತೇನೆ. ಕೊನೆಗೆ 80 ಡಿಗ್ರಿಯಲ್ಲಿ ಒಣಗಿಸುತ್ತೇನೆ.

ಅಷ್ಟು ಬಿಸಿಗೆ ಬೂಷ್ಟು ಸತ್ತೇ ಹೋಗುತ್ತದೆ ಅಲ್ವಾ? ಹಾಗಾದರೆ ಈ 20 ಕೆಜಿ ಬಳಸಬಹುದಾ?

ಜರಡಿಕಣ್ಣು:

ಬಳಸಬೇಡಿ. ಮೊದಲು ಈ ಮಾತು ಹೇಳಿಬಿಡುತ್ತೇನೆ, ಕಾರಣ ಆಮೇಲೆ.

ನಾನು 19 ವರ್ಷ ಮಾಲ್ಟ್ ಮನೆಯ ಮೊಳಕೆ ಕೋಣೆಯಲ್ಲಿ ಕೆಲಸ ಮಾಡಿದವನು. ನೀವು ಹೇಳುವ ಗುಲಾಬಿ ಬಣ್ಣ ಬಹುಮಟ್ಟಿಗೆ ಫ್ಯುಸೇರಿಯಂ ಎಂಬ ಬೂಷ್ಟಿನ ಗುರುತು. 80 ಡಿಗ್ರಿಯಲ್ಲಿ ಒಣಗಿಸಿದರೆ ಅದರ ಬಹುಪಾಲು ಸಾಯುತ್ತದೆ, ನಿಜ. ಆದರೆ ಅದು ಕಾಳಿನೊಳಗೆ ಬಿಟ್ಟುಹೋದ ವಿಷ ಉಳಿದೇ ಉಳಿಯುತ್ತದೆ. ಡಿಆಕ್ಸಿನಿವಾಲೆನಾಲ್ ಎಂಬ ಆ ವಿಷವನ್ನು ನಾವು ಚಿಕ್ಕದಾಗಿ ಡಾನ್ ಎನ್ನುತ್ತೇವೆ. ಒಣಗಿಸುವ ಬಿಸಿಯೆಲ್ಲ ಅದಕ್ಕೆ ಲೆಕ್ಕಕ್ಕಿಲ್ಲ.

ನನ್ನ ನಾಲ್ಕನೇ ವರ್ಷದಲ್ಲಿ ಒಂದು ರಾಶಿ ಬಂತು. ಕಾಳಿನ ಪರೀಕ್ಷೆಯಲ್ಲಿ ಡಾನ್ ಕಡಿಮೆಯೇ ಇತ್ತು. ಧೈರ್ಯವಾಗಿ ನೆನೆ ಹಾಕಿದೆವು. ಮಾಲ್ಟ್ ಆದ ಮೇಲೆ ಪರೀಕ್ಷಿಸಿದರೆ ಕಾಳಿನಲ್ಲಿ ಇದ್ದದ್ದಕ್ಕಿಂತ ಜಾಸ್ತಿ! ಇಡೀ ರಾಶಿ ಹೊರಗೆ ಹೋಯಿತು. ಆ ದಿನ ನನಗೆ ಅನ್ನ ಸೇರಲಿಲ್ಲ.

ಆಗಿದ್ದು ಏನು ಅಂದರೆ, ಡಾನ್ ನೀರಿನಲ್ಲಿ ಕರಗುತ್ತದೆ. ಹಾಗಾಗಿ ನೆನೆಸಿದಾಗ ಒಂದಷ್ಟು ತೊಳೆದು ಹೋಗುತ್ತದೆ. ಆದರೆ ಬೂಷ್ಟು ಜೀವಂತ ಇದ್ದರೆ ಅದೂ ಕಾಳಿನ ಜೊತೆಗೇ ಎದ್ದು ಕೂರುತ್ತದೆ. ಕಾಳಿನಲ್ಲಿ ಶೇ. 45ರಷ್ಟು ತೇವ, ನಾಲ್ಕೈದು ದಿನದ ಬಿಡುವು. ಅದಕ್ಕೆ ಇನ್ನೇನು ಬೇಕು? ಹೊಸದಾಗಿ ವಿಷ ತಯಾರಿಸುತ್ತದೆ. ಹಾಗಾಗಿ ನಿಮ್ಮ ಕೆಲಸವೆಲ್ಲ ಮೊಳಕೆಗೆ ಮುಂಚೆಯೇ ಆಗಬೇಕು.

ಮೊದಲು ಜೊಳ್ಳು ತೆಗೆಯಿರಿ. ಇದೊಂದನ್ನು ಸರಿಯಾಗಿ ಮಾಡಿದರೆ ಅರ್ಧ ಗೆದ್ದ ಹಾಗೆ. ಫ್ಯುಸೇರಿಯಂ ಹೊಲದಲ್ಲೇ ಬರುವುದು, ತೆನೆ ಹೂ ಬಿಡುವ ಹೊತ್ತಿಗೆ ಮಳೆ ಹಿಡಿದರೆ ಹತ್ತಿಕೊಳ್ಳುತ್ತದೆ. ಹಿಂದಿನ ಬೆಳೆ ಮೆಕ್ಕೆಜೋಳವಾಗಿದ್ದು ಅದರ ದಂಟು ಹೊಲದಲ್ಲೇ ಉಳಿದಿದ್ದರೆ ಇನ್ನೂ ಜಾಸ್ತಿ. ಬೇಗ ಬೂಷ್ಟು ಹತ್ತಿದ ಕಾಳು ತುಂಬಿಕೊಳ್ಳುವುದಿಲ್ಲ. ಸಣಕಲಾಗಿ, ಹಗುರಾಗಿ ಉಳಿಯುತ್ತದೆ. ಅಂದರೆ ವಿಷ ಜಾಸ್ತಿ ಇರುವುದೇ ಜೊಳ್ಳಿನಲ್ಲಿ. ಚೆನ್ನಾಗಿ ತೂರಿ. 2.2 ಮಿಲಿಮೀಟರ್ ಜರಡಿಯಲ್ಲಿ ಕೆಳಗೆ ಬೀಳುವುದನ್ನೆಲ್ಲ ಬಿಡಿ. ಕಾಳು ಸಾಕಷ್ಟಿದ್ದರೆ 2.5 ಇಟ್ಟುಕೊಳ್ಳಿ. ಆಮೇಲೆ ನೀರಿಗೆ ಹಾಕಿ ಕೈಯಾಡಿಸಿ, ತೇಲಿದ್ದನ್ನು ಬಾಚಿ ತೆಗೆಯಿರಿ.

ನೀರು ಬದಲಿಸದೆ ಇರುವುದು ದೊಡ್ಡ ತಪ್ಪು. ಮೊದಲ ನೀರಿನಲ್ಲಿ ದೂಳು, ಬೂಷ್ಟಿನ ಬೀಜ, ಕರಗಿದ ಡಾನ್ ಎಲ್ಲ ಇರುತ್ತದೆ. ನೀವು ಅದನ್ನೇ ಮತ್ತೆ ಕಾಳಿಗೆ ಕುಡಿಸುತ್ತಿದ್ದೀರಿ. ಕೆಲವೇ ಗಂಟೆಯಲ್ಲಿ ಮೊದಲ ನೀರು ಚೆಲ್ಲಿ, ತಿಳಿ ಬರುವವರೆಗೆ ತೊಳೆದು, ಹೊಸ ನೀರು ಹಾಕಿ.

ಕೋಣೆಯನ್ನು 14ರಿಂದ 16 ಡಿಗ್ರಿಗೆ ಇಳಿಸಿ. ಮೊಳಕೆ ಒಂದು ದಿನ ತಡವಾಗಬಹುದು, ಆಗಲಿ. 22 ಡಿಗ್ರಿ ಬೂಷ್ಟಿಗೆ ಬಲು ಇಷ್ಟ. ದಿನಕ್ಕೆ ಮೂರು ಸಲವಾದರೂ ತಿರುವಿ, ರಾಶಿಯ ನಡುವೆ ಬಿಸಿ ಕಟ್ಟಿಕೊಳ್ಳಬಾರದು. ಒಣಗಿದ ಮೇಲೆ ಬೇರುಗಳನ್ನು ಪೂರ್ತಿ ಉಜ್ಜಿ ತೆಗೆಯಿರಿ. ಬೇರಿನಲ್ಲೂ ವಿಷ ಸೇರಿಕೊಂಡಿರುತ್ತದೆ.

ಒಂದು ಮಾತು ಮರೆತಿದ್ದೆ. ಎಳೆ ಬೇರಿನ ಮೇಲೆ ನವಿರಾದ ಬಿಳಿ ರೋಮ ಇರುತ್ತದೆ. ಹೊಸಬರು ಅದನ್ನೇ ಬೂಷ್ಟು ಅಂದುಕೊಂಡು ಹೆದರುತ್ತಾರೆ. ರೋಮ ಬೇರಿಗಷ್ಟೇ ಅಂಟಿಕೊಂಡಿರುತ್ತದೆ. ಬೂಷ್ಟು ಒಂದು ಕಾಳಿನಿಂದ ಇನ್ನೊಂದಕ್ಕೆ ಬಲೆ ಕಟ್ಟುತ್ತದೆ. ನಿಮ್ಮಲ್ಲಿ ಗುಲಾಬಿ ಬಣ್ಣವೂ ವಾಸನೆಯೂ ಇದೆ, ಹಾಗಾಗಿ ಅನುಮಾನ ಬೇಡ.

ಪರೀಕ್ಷೆಮೇಜು:

ಜರಡಿಕಣ್ಣು ಅವರ ಮಾತಿಗೆ ನನ್ನದೂ ಒಂದಿಷ್ಟು. ನಾನು ಧಾನ್ಯ ಪರೀಕ್ಷೆಯ ಕೆಲಸದಲ್ಲಿದ್ದೇನೆ. ಬೂಷ್ಟು ಕಾಣದಿದ್ದರೆ ವಿಷ ಇಲ್ಲ ಅಂತ ಅಲ್ಲ. ಫ್ಯುಸೇರಿಯಂ ಉಗ್ರಾಣದಲ್ಲಿ ತಿಂಗಳುಗಳು ಕಳೆದಂತೆ ತಾನಾಗಿ ಸಾಯುತ್ತಾ ಹೋಗುತ್ತದೆ, ಡಾನ್ ಮಾತ್ರ ಹಾಗೇ ಕೂತಿರುತ್ತದೆ.

ಮುಂದೆ ಸಂಸ್ಕರಿಸಲಿರುವ ಗೋಧಿ, ಬಾರ್ಲಿ, ಮೆಕ್ಕೆಜೋಳದಲ್ಲಿ ಡಾನ್‌ಗೆ ಕೋಡೆಕ್ಸ್ (ಆಹಾರಕ್ಕೆ ಅಂತರರಾಷ್ಟ್ರೀಯ ಮಾನದಂಡ ಗೊತ್ತುಮಾಡುವ ಸಂಸ್ಥೆ) ಇಟ್ಟ ಮಿತಿ ಕೆಜಿಗೆ 2 ಮಿಲಿಗ್ರಾಂ. ಆಕ್ರಟಾಕ್ಸಿನ್ ಎ ಎಂಬ ಇನ್ನೊಂದು ವಿಷಕ್ಕೆ ಬಾರ್ಲಿಯಲ್ಲಿ ಕೆಜಿಗೆ 5 ಮೈಕ್ರೋಗ್ರಾಂ ಮಾತ್ರ. ನಾನೂರರಲ್ಲಿ ಒಂದು ಪಾಲು! ಅದನ್ನು ಮಾಡುವ ಬೂಷ್ಟು ಬೇರೆ. ಕಟಾವಾದ ಮೇಲೆ ಸರಿಯಾಗಿ ಒಣಗದ ಕಾಳಿನಲ್ಲಿ, ಉಗ್ರಾಣದಲ್ಲೇ ಬೆಳೆಯುತ್ತದೆ. ಅದಕ್ಕೇ ಕಾಳಿನ ತೇವ ಶೇ. 13ರೊಳಗೆ ಇರಬೇಕು ಅನ್ನುವುದು. ನಿಮ್ಮ ಚೀಲದ ತೇವ ನೋಡಿದ್ದೀರಾ?

ಇನ್ನೊಂದು, ಪರೀಕ್ಷೆಗೆ ಚೀಲದ ಮೇಲಿನಿಂದ ಒಂದು ಹಿಡಿ ತೆಗೆದು ಕಳಿಸಬೇಡಿ. ವಿಷ ಎಲ್ಲ ಕಡೆ ಒಂದೇ ಸಮ ಇರುವುದಿಲ್ಲ. ಮೇಲೆ, ನಡುವೆ, ತಳದಲ್ಲಿ ಹತ್ತಾರು ಕಡೆ ತೆಗೆದು, ಬೆರೆಸಿ, ಅದರಲ್ಲಿ ಒಂದು ಪಾಲು ಕಳಿಸಿ. ಮೊಳಕೆ ಬರುವಾಗ ಕಾಳೇ ಸ್ವಲ್ಪ ಡಾನ್‌ಗೆ ಸಕ್ಕರೆಯ ಅಣು ಅಂಟಿಸಿ ಮರೆಮಾಡುತ್ತದೆ. ಎಲ್ಲ ಪರೀಕ್ಷೆಗಳಿಗೂ ಅದು ಸಿಗುವುದಿಲ್ಲ. ಮಾಲ್ಟ್ ಪರೀಕ್ಷೆ ಮಾಡಿಸುವಾಗ ಇದನ್ನು ಕೇಳಿ ತಿಳಿದುಕೊಳ್ಳಿ.

ಮೊಳಕೆಬುಟ್ಟಿ:

ಇಬ್ಬರಿಗೂ ತುಂಬಾ ಥ್ಯಾಂಕ್ಸ್. ತೇವ ಈಗ ನೋಡಿದೆ, ಶೇ. 14.5. ಉಳಿದ ಕಾಳನ್ನು ಜರಡಿ ಹಿಡಿದೆ. 10 ಕೆಜಿಯಲ್ಲಿ ಒಂದೂವರೆ ಕೆಜಿ ಕೆಳಗೆ ಬಿತ್ತು. ಹಿಂದಿನ ಚೀಲಗಳಲ್ಲಿ ಇಷ್ಟು ಜೊಳ್ಳು ಇರಲೇ ಇಲ್ಲ.

ಎರಡು ಪ್ರಶ್ನೆ. ಈ ಜೊಳ್ಳು ಮತ್ತು ಹಾಳಾದ ಮೊಳಕೆಯನ್ನು ಪ್ರಾಣಿಗಳಿಗೆ ಹಾಕಬಹುದಾ? ನೆನೆಸುವ ಮುಂಚೆ ಬಿಸಿನೀರಿನಲ್ಲಿ ಅದ್ದಿದರೆ ಬೂಷ್ಟು ಸಾಯುತ್ತದೆ ಅಂತ ಕೇಳಿದ್ದೇನೆ, ನಿಜವಾ?

ಜರಡಿಕಣ್ಣು:

ಪ್ರಾಣಿಗಳಿಗೆ ಖಂಡಿತ ಬೇಡ. ಹಂದಿಗಳಿಗಂತೂ ಮುಟ್ಟಿಸಲೂಬೇಡಿ. ಡಾನ್ ಇದ್ದರೆ ಅವು ಮೇವು ಬಿಡುತ್ತವೆ, ಜಾಸ್ತಿ ಆದರೆ ವಾಂತಿ ಮಾಡಿಕೊಳ್ಳುತ್ತವೆ. ಕಾಳಿನಿಂದ ಬೇರ್ಪಡಿಸಿದ ವಿಷವೆಲ್ಲ ನಿಮ್ಮ ಆ ಒಂದೂವರೆ ಕೆಜಿಯಲ್ಲೇ ಗುಡ್ಡೆಯಾಗಿದೆ. ಅದನ್ನು ಎಸೆಯುವಾಗ, ಜರಡಿ ಹಿಡಿಯುವಾಗ ಮುಖಕ್ಕೆ ಒಳ್ಳೆಯ ಮಾಸ್ಕ್ ಹಾಕಿಕೊಳ್ಳಿ. ಆ ದೂಳನ್ನು ಸುಮ್ನೆ ಉಸಿರಾಡಬೇಡಿ.

ಬಿಸಿನೀರು ನಿಜ. 45 ಡಿಗ್ರಿಯ ನೀರಿನಲ್ಲಿ ಕೆಲವು ನಿಮಿಷ ಅದ್ದಿದರೆ ಫ್ಯುಸೇರಿಯಂ ಚೆನ್ನಾಗಿ ಇಳಿಯುತ್ತದೆ. ಆದರೆ ಬಿಸಿಯೋ ಸಮಯವೋ ಸ್ವಲ್ಪ ಹೆಚ್ಚಾದರೂ ಕಾಳಿನ ಜೀವವೂ ಹೋಗುತ್ತದೆ. ಒಂದೊಂದು ರಾಶಿಯ ತಾಳಿಕೆ ಒಂದೊಂದು ಥರ. ನೂರು ಕಾಳು ಎಣಿಸಿ ಅದ್ದಿ, ನೂರು ಕಾಳು ಹಾಗೇ ಇಡಿ. ಮೂರು ದಿನ ಬಿಟ್ಟು ಎರಡರಲ್ಲೂ ಎಷ್ಟೆಷ್ಟು ಮೊಳೆತಿವೆ ನೋಡಿ. ದೊಡ್ಡ ಮಾಲ್ಟ್ ಮನೆಗಳಲ್ಲಿ ನೆನೆಸುವ ನೀರಿಗೆ ಒಳ್ಳೆಯ ಲ್ಯಾಕ್ಟಿಕ್ ಬ್ಯಾಕ್ಟೀರಿಯಾ ಬಿಡುವುದೂ ಉಂಟು. ಜಾಗ ಅವು ಹಿಡಿದರೆ ಬೂಷ್ಟಿಗೆ ನೆಲೆ ಸಿಗುವುದಿಲ್ಲ. ನೀವು ಸದ್ಯಕ್ಕೆ ಜರಡಿ, ನೀರು, ತಂಪು ಇಷ್ಟನ್ನು ಹಿಡಿದುಕೊಳ್ಳಿ.

ಮೊಳಕೆ ತಟ್ಟೆ ಮರದ್ದಾ? ಮರದ ಸಂದಿಯಲ್ಲಿ ಬೂಷ್ಟಿನ ಬೀಜ ಉಳಿದುಬಿಡುತ್ತದೆ. ಮರದ್ದೇ ಆಗಿದ್ದರೆ ಮೊದಲು ಅದನ್ನು ಬದಲಿಸಿ, ಆಮೇಲೆ ಮುಂದಿನ ಕಾಳು ನೆನೆ ಹಾಕಿ.

ಮೊಳಕೆಬುಟ್ಟಿ:

ಹೌದು, ಮರದ್ದೇ. ನಾಳೆ ಸ್ಟೀಲ್ ತಟ್ಟೆ ತರುತ್ತೇನೆ. 20 ಕೆಜಿಯನ್ನು ಚೀಲಕ್ಕೆ ಕಟ್ಟಿ ಹೊರಗಿಟ್ಟಿದ್ದೇನೆ. ನೂರು ನೂರು ಕಾಳು ಎಣಿಸಿ ಆಯಿತು. ಮೂರು ದಿನ ಬಿಟ್ಟು ಲೆಕ್ಕ ಇಲ್ಲೇ ಬರೆಯುತ್ತೇನೆ.