ಕೀಮೋ ಪೋರ್ಟ್‌ನ ‘ಕಾಂಪ್ಲಿಕೇಶನ್’: ತೊಡಕೋ, ಉಪದ್ರವವೋ, ಅಡ್ಡಪರಿಣಾಮವೋ?

ಬಳಗದವರಿಗೆ ನಮಸ್ಕಾರ.

ಶಿವಮೊಗ್ಗದಲ್ಲಿ ಕ್ಯಾನ್ಸರ್‌ಗೆ ಕೀಮೋ ತೆಗೆದುಕೊಳ್ಳುವವರ ಕೈಗೆ ಕೊಡಲೆಂದು ಸಿದ್ಧವಾಗುತ್ತಿರುವ ಕನ್ನಡ ಕರಪತ್ರವೊಂದನ್ನು ತಿದ್ದುತ್ತಿದ್ದೇನೆ. ಎದೆಯ ಮೇಲ್ಭಾಗದಲ್ಲಿ, ಚರ್ಮದಡಿ ಕೂರಿಸುವ ಪೋರ್ಟ್ (ಮದ್ದನ್ನು ನಳಿಕೆಯ ಮೂಲಕ ದೊಡ್ಡ ರಕ್ತನಾಳಕ್ಕೆ ಬಿಡುವ ಪುಟ್ಟ ಸಾಧನ) ಮತ್ತು ಅದರಿಂದ ಆಗಬಹುದಾದ ತೊಂದರೆಗಳು ಅದರ ವಿಷಯ. ‘ಪೋರ್ಟ್’ ಎಂಬ ಪದದ ಬಗ್ಗೆ ನನಗೆ ತಕರಾರಿಲ್ಲ. ತೀರ್ಥಹಳ್ಳಿ, ಹೊಸನಗರದ ಕಡೆಯವರೂ ‘ಪೋರ್ಟ್ ಹಾಕ್ಸಿದೀವಿ’ ಅಂತಲೇ ಹೇಳುತ್ತಾರೆ. ಇಂಥ ಸಾಧನದ ವರದಿ ವೈದ್ಯಕೀಯ ಪತ್ರಿಕೆಯಲ್ಲಿ ಬಂದದ್ದೇ 1982ರಲ್ಲಿ; ಹೆಸರೂ ವಸ್ತುವಿನ ಜೊತೆಗೇ ಬಂತು, ಇರಲಿ. ‘ಅಭಿಧಮನಿ ಪ್ರವೇಶದ್ವಾರ’ ಎಂದು ಹೊಸೆಯುವ ಉಮೇದು ಯಾರಿಗಾದರೂ ಇದ್ದರೆ ದಯವಿಟ್ಟು ತಡೆದುಕೊಳ್ಳಿ.

ನನ್ನ ಪ್ರಶ್ನೆ ‘ಕಾಂಪ್ಲಿಕೇಶನ್’ ಬಗ್ಗೆ. ಕರಡಿನಲ್ಲಿ ಎಲ್ಲ ಕಡೆ ‘ಅಡ್ಡಪರಿಣಾಮ’ ಎಂದಿದೆ. ಅದು ಸರಿಯಲ್ಲ ಎಂಬುದು ನನ್ನ ವಾದ. ವಾಂತಿ, ಕೂದಲು ಉದುರುವುದು, ಬಾಯಿಹುಣ್ಣು ಇವು ಮದ್ದಿನ ಅಡ್ಡಪರಿಣಾಮಗಳು. ‘ಕೀಮೋ ಅಂದ್ಮೇಲೆ ಇದೆಲ್ಲ ಇದ್ದದ್ದೇ’ ಎಂದು ಜನ ಅವನ್ನು ಸಹಿಸಿಕೊಳ್ಳುತ್ತಾರೆ. ಪೋರ್ಟ್‌ಗೆ ಸೋಂಕು ತಗುಲಿದ್ದನ್ನೂ ಅದೇ ಪದದಿಂದ ಕರೆದರೆ ಅದನ್ನೂ ಸಹಿಸಿಕೊಂಡು ಮನೆಯಲ್ಲೇ ಕೂರುತ್ತಾರೆ. ‘ಉಪದ್ರವ’ಕ್ಕೆ ಆಯುರ್ವೇದದ ಬೆಂಬಲವಿದೆ, ಮೂಲ ರೋಗದ ಬೆನ್ನಿಗೆ ಬರುವ ಇನ್ನೊಂದು ರೋಗ ಎಂದು ಅಲ್ಲಿ ಅರ್ಥ. ಆದರೆ ಇಲ್ಲಿ ತೊಂದರೆ ಹುಟ್ಟುವುದು ರೋಗದಿಂದಲ್ಲ, ಒಳಗಿಟ್ಟ ಸಾಧನದಿಂದ. ಅದೂ ಅಲ್ಲದೆ ನಮ್ಮಲ್ಲಿ ‘ಉಪದ್ರ’ ಅಂದರೆ ತೋಟಕ್ಕೆ ಬರುವ ಮಂಗನ ಕಾಟ. ಸದ್ಯಕ್ಕೆ ನನ್ನ ಒಲವು ‘ತೊಡಕು’ ಕಡೆಗಿದೆ. ಬಯಲುಸೀಮೆಯವರಿಗೆ ಯುಗಾದಿ ಮರುದಿನದ ಬಾಡೂಟ ನೆನಪಾದೀತು, ಆಗಲಿ ಬಿಡಿ.

ಎರಡನೆಯದು ‘ನರ’. ಇಂಜೆಕ್ಷನ್ ಕೊಡುವವರು, ಕೊಡಿಸಿಕೊಳ್ಳುವವರು ಎಲ್ಲರೂ ‘ನರ ಸಿಗ್ತಿಲ್ಲ’ ಎನ್ನುತ್ತಾರೆ. ಪಠ್ಯಪುಸ್ತಕ ‘ಅಭಿಧಮನಿ’ ಎನ್ನುತ್ತದೆ. ಅದಕ್ಕೂ ‘ಅಪಧಮನಿ’ಗೂ ಓದುವವರ ಕಣ್ಣು ಜಾರುವಷ್ಟೇ ವ್ಯತ್ಯಾಸ. ‘ನರದೊಳಗೆ ನಳಿಕೆ’ ಎಂದು ಬರೆದರೆ ನರದೌರ್ಬಲ್ಯ, ಲಕ್ವ ಎಂದೆಲ್ಲ ಹೆದರುವವರಿದ್ದಾರೆ. ‘ರಕ್ತನಾಳ’ ಸಾಕು ಅನ್ನಿಸುತ್ತದೆ. ಕರಡಿನ ‘ಜೇಬಿನ ಸೋಂಕು’ ಓದಿ ನಗು ಬಂತು. ಪೋರ್ಟ್ ಕೂರಿಸಲು ಚರ್ಮದಡಿ ಬಿಡಿಸುವ ಜಾಗಕ್ಕೆ ಡಾಕ್ಟರರು ಪಾಕೆಟ್ ಎನ್ನುತ್ತಾರೆ, ನಿಜ. ರೋಗಿ ಅಂಗಿಯ ಜೇಬು ಮುಟ್ಟಿ ನೋಡಿಕೊಂಡರೆ ತಪ್ಪು ಯಾರದು? ‘ಪೋರ್ಟ್ ಕೂತ ಜಾಗದ ಸೋಂಕು’ ಎಂದು ತಿದ್ದಿದ್ದೇನೆ.

ಈಗ ನಿಜಕ್ಕೂ ಕಗ್ಗಂಟಾದದ್ದು. ಪೋರ್ಟ್‌ಗೆ ಮದ್ದು ಸರಾಗ ಹೋಗುತ್ತದೆ, ಸಿರಿಂಜು ಹಿಂದಕ್ಕೆ ಎಳೆದರೆ ಮಾತ್ರ ರಕ್ತ ಬರುವುದಿಲ್ಲ. ನರ್ಸ್‌ಗಳು ‘ಹೋಗುತ್ತೆ, ಬರಲ್ಲ’ ಎಂದು ಎರಡೇ ಮಾತಿನಲ್ಲಿ ಮುಗಿಸುತ್ತಾರೆ. ನಳಿಕೆಯ ತುದಿಗೆ ಫೈಬ್ರಿನ್ ಎಂಬ ಹೆಪ್ಪುನಾರಿನ ಪೊರೆ ಬೆಳೆದಿರುವುದು ಇದಕ್ಕೆ ಸಾಮಾನ್ಯ ಕಾರಣ. ತೋಟದ ಪಂಪಿನ ಫುಟ್‌ವಾಲ್ವ್ ಹೇಗೋ ಹಾಗೆ, ಪೊರೆ ಒಂದೇ ದಿಕ್ಕಿಗೆ ತೆರೆದುಕೊಳ್ಳುತ್ತದೆ. ಕರಡಿನಲ್ಲಿ ಇದಕ್ಕೂ, ರಕ್ತನಾಳವೇ ಹೆಪ್ಪುಗಟ್ಟಿ ಕುತ್ತಿಗೆ, ತೋಳು ಬಾತುಕೊಳ್ಳುವುದಕ್ಕೂ ‘ಬ್ಲಾಕ್’ ಎಂಬ ಒಂದೇ ಪದ ಹಾಕಿದ್ದಾರೆ. ಎರಡಕ್ಕೂ ಚಿಕಿತ್ಸೆ ಬೇರೆ. ಮೊದಲನೆಯದಕ್ಕೆ ಹೆಪ್ಪು ಕರಗಿಸುವ ಮದ್ದನ್ನು ಪೋರ್ಟ್‌ನೊಳಗೇ ಸ್ವಲ್ಪ ಹೊತ್ತು ನಿಲ್ಲಿಸಿ ನೋಡುತ್ತಾರೆ. ಎರಡನೆಯದಕ್ಕೆ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮದ್ದನ್ನು ತಿಂಗಳುಗಟ್ಟಲೆ ತೆಗೆದುಕೊಳ್ಳಬೇಕಾಗುತ್ತದೆ. ನಳಿಕೆಯದಕ್ಕೆ ‘ಕಟ್ಟಿಕೊಂಡಿದೆ’, ರಕ್ತನಾಳದ್ದಕ್ಕೆ ‘ಹೆಪ್ಪುಗಟ್ಟಿದೆ’ ಎಂದು ಬೇರ್ಪಡಿಸಿದರೆ ಓದುವವರಿಗೆ ವ್ಯತ್ಯಾಸ ಹೊಳೆಯುತ್ತದೆಯೇ?

ಇನ್ನೊಂದಕ್ಕಂತೂ ಪದವೇ ಸಿಕ್ಕಿಲ್ಲ. ಕೊರಳೆಲುಬಿನ ಕೆಳಗಿನಿಂದ ಹಾಕಿದ ನಳಿಕೆ ಕೆಲವೊಮ್ಮೆ ಆ ಎಲುಬಿಗೂ ಮೊದಲ ಪಕ್ಕೆಲುಬಿಗೂ ನಡುವೆ ಸಿಕ್ಕಿಬೀಳುತ್ತದೆ. ತೋಳು ಮೇಲೆತ್ತಿದರೆ ಮದ್ದು ಹೋಗುತ್ತದೆ, ಇಳಿಸಿದರೆ ನಿಲ್ಲುತ್ತದೆ. ಹಾಗೇ ಬಿಟ್ಟರೆ ಸವೆದು ತುಂಡಾಗಿ, ತುಂಡು ಹೃದಯದ ಬಲಭಾಗಕ್ಕೋ ಶ್ವಾಸಕೋಶದ ಅಪಧಮನಿಗೋ ಹೋಗಬಹುದು. ಅಪರೂಪ, ಆದರೆ ಬಿಡುವಂತಿಲ್ಲ. ಅಲ್ಟ್ರಾಸೌಂಡ್ ನೋಡಿಕೊಂಡು ಕುತ್ತಿಗೆಯ ರಕ್ತನಾಳದಿಂದ ಹಾಕಿದರೆ ಈ ಕಾಟ ತಪ್ಪುತ್ತದೆ, ಶ್ವಾಸಕೋಶಕ್ಕೆ ಸೂಜಿ ತಗುಲಿ ಎದೆಗೂಡಿನಲ್ಲಿ ಗಾಳಿ ತುಂಬುವ ಭಯವೂ ಕಡಿಮೆ. ‘ಜಿಗುಟುವಿಕೆ’, ‘ನಜ್ಜು’, ‘ಸಂದಿಯೊತ್ತು’ ಎಂದೆಲ್ಲ ಬರೆದು ಹೊಡೆದುಹಾಕಿದೆ. ಬಾಗಿಲಸಂದಿಗೆ ಬೆರಳು ಸಿಕ್ಕಾಗ ನಿಮ್ಮ ಕಡೆ ಏನನ್ನುತ್ತೀರಿ?

ಕೊನೆಗೆ ಜ್ವರ. ಕರಡು ‘ಜ್ವರ ಬಂದರೆ ತಿಳಿಸಿ’ ಎಂದಷ್ಟೇ ಹೇಳುತ್ತದೆ. ಡಿಸೆಂಬರಿನಿಂದ ಮೇವರೆಗೆ ಮಲೆನಾಡಿನಲ್ಲಿ ಜ್ವರ ಅಂದರೆ ಮೊದಲು ಹೆದರುವುದು ಮಂಗನ ಕಾಯಿಲೆಗೆ; 1957ರಲ್ಲಿ ಅದನ್ನು ಗುರುತಿಸಿದ ಕ್ಯಾಸನೂರು ಕಾಡು ಇದೇ ಜಿಲ್ಲೆಯ ಸೊರಬ ತಾಲ್ಲೂಕಿನದು. ಮಳೆಗಾಲವಾದರೆ ಇಲಿಜ್ವರ, ಡೆಂಗಿ. ಪೋರ್ಟ್ ಯಾರ ತಲೆಗೂ ಬರುವುದಿಲ್ಲ, ಅದರಲ್ಲೂ ಮೇಲಿನ ಚರ್ಮ ಕೆಂಪಾಗದೆ ಇದ್ದಾಗ. ನಳಿಕೆಯೊಳಗೆ ಸೋಂಕು ಕೂತಿದ್ದರೆ, ಪೋರ್ಟ್ ತೊಳೆದ ಅಥವಾ ಮದ್ದು ಬಿಟ್ಟ ಸ್ವಲ್ಪ ಹೊತ್ತಿಗೇ ಗಡಗಡ ನಡುಕ ಶುರುವಾಗುವುದುಂಟು. ಅದನ್ನು ‘ಚಳಿಜ್ವರ’ ಎಂದರೆ ಹಳಬರಿಗೆ ಮಲೇರಿಯಾ. ‘ನಡುಕ’ ಎಂಬ ಪದವನ್ನೇ ಮುಂದೆ ತಂದು ಹೀಗೆ ಬರೆದಿದ್ದೇನೆ: ‘ಪೋರ್ಟ್ ಬಳಸಿದ ಮೇಲೆ ನಡುಕ ಬಂದರೆ, ಅಥವಾ ಜ್ವರ 100.4 ಡಿಗ್ರಿ ಮುಟ್ಟಿದರೆ, ಪ್ಯಾರಾಸಿಟಮಾಲ್ ನುಂಗಿ ಬೆಳಗಿನವರೆಗೆ ಕಾಯಬೇಡಿ. ಆಗಲೇ ಆಸ್ಪತ್ರೆಗೆ ಬಂದು, ಪೋರ್ಟ್ ಇದೆ ಎಂದು ಮೊದಲೇ ಹೇಳಿ.’ ವಾಕ್ಯ ಉದ್ದವಾಯಿತು ಎನ್ನುವವರು ಮೊಟಕು ಮಾಡಿ ಕಳಿಸಿ, ಆದರೆ ‘ನಡುಕ’ ಬಿಡಬೇಡಿ.

ಸೂಜಿ ಜಾರಿ ಮದ್ದು ಚರ್ಮದಡಿ ಸೋರುವುದಕ್ಕೆ ವಾರ್ಡಿನಲ್ಲಿ ‘ಔಟ್ ಆಗಿದೆ’ ಎನ್ನುತ್ತಾರೆ. ಕೀಮೋದ ಕೆಲವು ಮದ್ದು ಸೋರಿದರೆ ಮಾಂಸವೇ ಕೊಳೆಯುತ್ತದೆ, ಹಾಗಾಗಿ ‘ಸೋರಿದೆ, ಉರಿಯುತ್ತಿದೆ’ ಎಂದು ರೋಗಿಯೇ ಕೂಗಿ ಹೇಳುವಂಥ ಪದ ಬೇಕು. ಉತ್ತರ ಬರೆಯುವವರು ತಾಲ್ಲೂಕಿನ ಹೆಸರನ್ನೂ ಸೇರಿಸಿ; ಸಾಗರದಲ್ಲಿ ನಡೆಯುವ ಮಾತು ಭದ್ರಾವತಿಯಲ್ಲಿ ನಡೆಯದೇ ಇರಬಹುದು.