ಗಾಜಿನ ಕೊಂಡಿಗಳ ತೂಗುದೀಪ ಹಳೆಯ ಮರದ ತೊಲೆಗೆ ಹೊಂದುವುದೇ?

ಪ್ರಶ್ನೆ (ಮಡಿಕೇರಿ):
ನಮ್ಮ ಹಳೆಯ ಹೆಂಚಿನ ಮನೆಯ ನಡುಕೋಣೆಗೆ, ಒಂದೇ ಆಕಾರದ ಗಾಜಿನ ತುಣುಕುಗಳನ್ನು ಒಂದಕ್ಕೊಂದು ಕೊಂಡಿಯಂತೆ ಸಿಕ್ಕಿಸಿ ಬೇಕಾದಷ್ಟು ಉದ್ದಕ್ಕೆ ಬೆಳೆಸಬಹುದಾದ ಆಧುನಿಕ ತೂಗುದೀಪವೊಂದನ್ನು ಹಾಕಿಸುವ ಆಲೋಚನೆಯಿದೆ. ಇಂಥ ವಿನ್ಯಾಸದಲ್ಲಿ ಭಾರ ಹೊರುವುದು ಯಾವುದು, ಮಳೆಗಾಲದ ತೇವಕ್ಕೆ ಅದು ತಾಳುವುದೇ ಎಂಬುದನ್ನು ಬಲ್ಲವರು ತಿಳಿಸಬೇಕಾಗಿ ವಿನಂತಿ.

ಉತ್ತರ (ವಿರಾಜಪೇಟೆ):
ಈ ಬಗೆಯಲ್ಲಿ ಪ್ರಸಿದ್ಧವಾದುದು ಇಟಲಿಯ ವಾಸ್ತುಶಿಲ್ಪಿ ಆಂಜೆಲೊ ಮಾಂಜಿಯರೊಟ್ಟಿ 1967ರಲ್ಲಿ ವಿಸ್ಟೋಸಿ ಸಂಸ್ಥೆಗಾಗಿ ರೂಪಿಸಿದ ‘ಜೊಗಾಲಿ’. ಅದರಲ್ಲಿ ಮುರಾನೊ ಗಾಜಿನ (ವೆನಿಸ್ ಬಳಿಯ ಮುರಾನೊ ದ್ವೀಪದ ಹೆಸರಾಂತ ಗಾಜು) ಪ್ರತಿಯೊಂದು ಕೊಂಡಿಯೂ ತನ್ನ ಕೆಳಗಿನದನ್ನು ತಾನೇ ಹೊರುತ್ತದೆ. ಕೊಂಡಿಗಳ ನಡುವೆ ಬೇರೆ ಜೋಡಣೆಯ ಹಂಗಿಲ್ಲ. ಆದ್ದರಿಂದ ಪ್ರತಿ ಸರದಲ್ಲಿಯೂ ಮೇಲ್ತುದಿಯ ಕೊಂಡಿಗೇ ಹೆಚ್ಚು ಭಾರ ಬೀಳುತ್ತದೆ, ಎಲ್ಲ ಸರಗಳ ಭಾರವೂ ಮೇಲಿನ ಲೋಹದ ಚೌಕಟ್ಟಿನ ಮೂಲಕ ಮನೆಯ ತೊಲೆಗೆ ಇಳಿಯುತ್ತದೆ. ಸಾಮಾನ್ಯ ಗಾಜು ನೀರಿಗಿಂತ ಸುಮಾರು 2.5 ಪಟ್ಟು ಭಾರ. ನೋಡಲು ಹಗುರವೆಂದು ನಂಬಿ ಬರಿಯ ಹಲಗೆಯ ಮುಚ್ಚಿಗೆಗೆ ತಿರುಪು ಹಾಕಿಸಬೇಡಿ.

ಉತ್ತರ (ಸೋಮವಾರಪೇಟೆ):
ತೇವದಿಂದ ಮೊದಲು ಕೆಡುವುದು ಗಾಜಲ್ಲ, ತುಕ್ಕು ಹಿಡಿಯುವ ಕೊಕ್ಕೆ ಮತ್ತು ಹೋಲ್ಡರ್. ಕೊಕ್ಕೆಗಳು ಸ್ಟೇನ್‌ಲೆಸ್ ಸ್ಟೀಲಿನವಾಗಿರಲಿ. ಮರದ ಬಣ್ಣಕ್ಕೆ 2700 ಕೆಲ್ವಿನ್‌ನ, ಅಂದರೆ ಹಳದಿ ಛಾಯೆಯ ಬೆಳಕಿನ, ಎಲ್‌ಇಡಿ ಒಪ್ಪುತ್ತದೆ. ಮೊದಲ ಮಳೆಗೆ ಏಳುವ ರೆಕ್ಕೆಹುಳುಗಳು ಕೊಂಡಿಗಳ ಸಂದಿಯಲ್ಲಿ ಸೇರಿಕೊಂಡಾಗ ಒಂದೊಂದನ್ನೇ ಬಿಚ್ಚಿ ತೊಳೆಯಬಹುದು. ತೊಳೆಯುವವರು ಯಾರೆಂಬುದನ್ನು ಮಾತ್ರ ಮನೆಯಲ್ಲಿ ಈಗಲೇ ತೀರ್ಮಾನಿಸಿಕೊಳ್ಳಿ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದಗಳು. ತೊಲೆಗೆ ಗೆದ್ದಲು ಹಿಡಿದಿದೆಯೇ ಎಂದು ಮೊದಲು ಬಡಗಿಯಿಂದ ನೋಡಿಸುತ್ತೇನೆ.